ಮರದ ಹೆಸರು ಬಿಡಿ, ಹಲಗೆ ತೋರಿಸಿ

ಗಿಟಾರ್ ಮಾಡುತ್ತೇನೆ ಅಂದರೆ ಸಾಕು, ಎಲ್ಲರೂ ಮೊದಲು ಕೇಳುವುದು ಒಂದೇ ಪ್ರಶ್ನೆ. "ಯಾವ ಮರ?" ಮುಂದೆ ಸ್ಪ್ರೂಸ್, ಹಿಂದೆ ಬೀಟೆ ಅನ್ನುತ್ತೇನೆ. ಸ್ಪ್ರೂಸ್ ಅಂದರೆ ಚಳಿ ಸೀಮೆಯ, ಸೂಜಿಯಂಥ ಎಲೆಯ ಮರ. ಬೀಟೆ ಅಂದ ಕೂಡಲೇ ಮಲೆನಾಡಿನವರಿಗೆ ಅಜ್ಜನ ಮನೆಯ ಮಂಚ, ತೂಗುಮಣೆ ನೆನಪಾಗುತ್ತದೆ. ಗಿಟಾರ್ ನುಡಿಸುವವರಾದರೆ "ಓ, ಇಂಡಿಯನ್ ರೋಸ್‌ವುಡ್ಡಾ!" ಅಂತ ಕಣ್ಣರಳಿಸುತ್ತಾರೆ. ಇಬ್ಬರಿಗೂ ಅಷ್ಟು ಸಾಕು.

ನನಗೆ ಮಾತ್ರ ಆ ಉತ್ತರದಿಂದ ಏನೂ ತಿಳಿಯುವುದಿಲ್ಲ. ಒಂದೇ ಬೀಟೆ ದಿಮ್ಮಿಯಿಂದ ಚೆನ್ನಾಗಿ ಮೊಳಗುವ ಹಲಗೆಯೂ ಬರುತ್ತದೆ, ಸ್ಟೂಲ್ ಮಾಡಲಷ್ಟೇ ಲಾಯಕ್ಕಾದ ಹಲಗೆಯೂ ಬರುತ್ತದೆ. ಗಿಟಾರಿನ ಮರದ ಬಗ್ಗೆ ಇಂಟರ್‌ನೆಟ್ಟಿನಲ್ಲಿ ಓದಿದರೆ ಪುಟಗಟ್ಟಲೆ ಹೆಸರುಗಳ ಜಪ. ಈ ಮರದ ದನಿ ಬೆಚ್ಚಗಿರುತ್ತದೆ, ಆ ಮರದ್ದು ಹೊಳೆಯುತ್ತದೆ ಇತ್ಯಾದಿ. ಮರವನ್ನು ಹೇಗೆ ಕೊಯ್ದರು, ಎಷ್ಟು ಒಣಗಿಸಿದರು, ಅದಕ್ಕೆ ಕಾಗದಪತ್ರ ಇದೆಯಾ ಅಂತ ಕೇಳುವವರು ಕಡಿಮೆ. ನನ್ನ ತಲೆನೋವು ಪೂರ್ತಿ ಇರುವುದೇ ಈ ಮೂರರಲ್ಲಿ.

ಮುಂದಿನ ಹಲಗೆಯಿಂದ ಶುರು ಮಾಡೋಣ. ಎಲ್ಲರೂ ಟಾಪ್ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಸ್ಟೀಲ್ ತಂತಿಯ ಗಿಟಾರಿನಲ್ಲಿ ಆರೂ ತಂತಿಗಳು ಸೇರಿ ಸುಮಾರು 70 ಕೆಜಿಯಷ್ಟು ಎಳೆಯುತ್ತವೆ. ಅದನ್ನು ತಡೆದುಕೊಳ್ಳುವ ಟಾಪ್‌ನ ದಪ್ಪ ಮಾತ್ರ 3 ಮಿಲಿಮೀಟರ್ ಆಸುಪಾಸು. ಒಳಗಡೆ ಅಂಟಿಸಿದ ಪಟ್ಟಿಗಳ ಆಸರೆ ಇರುತ್ತದೆ, ನಿಜ. ಆದರೂ ಅದು ತೀರಾ ತೆಳು ಹಲಗೆಯೇ. ದಪ್ಪ ಜಾಸ್ತಿ ಇಟ್ಟರೆ ತಂತಿ ಮೀಟಿದರೂ ಅಲುಗುವುದಿಲ್ಲ, ದನಿ ಒಳಗೇ ಉಳಿಯುತ್ತದೆ. ಅತಿ ತೆಳು ಮಾಡಿದರೆ ವರ್ಷದೊಳಗೆ ಹೊಟ್ಟೆ ಉಬ್ಬಿಸಿಕೊಂಡು ಕೂರುತ್ತದೆ. ಹಾಗಾಗಿ ಇಲ್ಲಿಗೆ ಬೇಕಾದ್ದು ಹಗುರವಾಗಿಯೂ ಇರಬೇಕು, ಬಿಗಿಯಾಗಿಯೂ ಇರಬೇಕು ಅನ್ನುವಂಥ ಮರ. ಸ್ಪ್ರೂಸ್ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಘನ ಮೀಟರಿಗೆ 400 ಕೆಜಿ ಸುತ್ತಮುತ್ತ ತೂಗುತ್ತದೆ, ಬೀಟೆಯ ಅರ್ಧದಷ್ಟು. ಎಳೆಯ ಉದ್ದಕ್ಕೆ ಅದರ ಬಿಗಿ ಅಡ್ಡಕ್ಕಿಂತ ಹತ್ತು ಪಟ್ಟಿಗೂ ಜಾಸ್ತಿ.

ಸ್ಪ್ರೂಸ್‌ನಲ್ಲೂ ಹಲವು ಜಾತಿ. ಅಲಾಸ್ಕಾ ಮತ್ತು ಕೆನಡಾದ ಪಶ್ಚಿಮ ಕರಾವಳಿಯ ಸಿಟ್ಕಾ, ರಾಕಿ ಬೆಟ್ಟಗಳ ಎಂಗಲ್‌ಮನ್, ಪಿಟೀಲು ಮಾಡುವವರು ಶತಮಾನಗಳಿಂದ ಹುಡುಕಿಕೊಂಡು ಹೋಗುವ ಆಲ್ಪ್ಸ್‌ನ ಸ್ಪ್ರೂಸ್. ಎರಡನೇ ಮಹಾಯುದ್ಧಕ್ಕೆ ಮುಂಚೆ ಅಮೆರಿಕದ ಮಾರ್ಟಿನ್ ಗಿಟಾರ್ ಕಂಪನಿ ಬಳಸುತ್ತಿದ್ದದ್ದು ಆಡಿರಾಂಡಾಕ್ ಅಂತ ಕರೆಯುವ ಕೆಂಪು ಸ್ಪ್ರೂಸ್. ಕಡಿದು ಕಡಿದು ದೊಡ್ಡ ಮರಗಳೇ ಸಿಗದಂತಾದಾಗ, 1940ರ ದಶಕದಲ್ಲಿ, ಅವರು ಸಿಟ್ಕಾಗೆ ತಿರುಗಿದರು. ಅತ್ತ ಸ್ಪೇನಿನಲ್ಲಿ ಒಳ್ಳೆ ಸ್ಪ್ರೂಸ್ ಸಿಗುವುದು ಕಷ್ಟವಾಗಿ ಗಿಟಾರ್ ಮಾಡುವ ಮನೆತನದ ಮೂರನೇ ಹೋಸೆ ರಾಮಿರೆಸ್ 1960ರ ದಶಕದಲ್ಲಿ ಕ್ಲಾಸಿಕಲ್ ಗಿಟಾರಿಗೆ ಕೆನಡಾದ ಕೆಂಪು ಸೀಡರ್ ಹಾಕಲು ಶುರು ಮಾಡಿದರು. ಇವತ್ತು ಸಿಟ್ಕಾನೂ 'ಪರಂಪರೆ', ಸೀಡರೂ 'ಪರಂಪರೆ'. ಅವತ್ತು ಎರಡೂ ವಿಧಿಯಿಲ್ಲದೆ ಮಾಡಿಕೊಂಡ ಬದಲಿ ವ್ಯವಸ್ಥೆ. ಈ ಪರಂಪರೆಯ ಮಾತು ಬಂದಾಗೆಲ್ಲ ನನಗೆ ಸ್ವಲ್ಪ ನಗು ಬರುತ್ತದೆ.

ನಮ್ಮ ಹಿಮಾಲಯದಲ್ಲೂ ಒಂದು ಸ್ಪ್ರೂಸ್ ಬೆಳೆಯುತ್ತದೆ. ಆದರೆ ಗಿಟಾರಿಗೆ ಬೇಕಾದ ಅಗಲದಲ್ಲಿ, ಬೇಕಾದ ಹಾಗೆ ಕೊಯ್ದದ್ದು ನನಗಂತೂ ಸಿಕ್ಕಿಲ್ಲ. ಹಾಗಾಗಿ ಟಾಪ್ ಸಮುದ್ರ ದಾಟಿಯೇ ಬರಬೇಕು. ಕಸ್ಟಮ್ಸ್, ಕೊರಿಯರ್ ಖರ್ಚೆಲ್ಲ ಸೇರಿಸಿದರೆ ಮರಕ್ಕಿಂತ ದಾರಿಖರ್ಚೇ ಜಾಸ್ತಿ.

ತರಿಸುವಾಗ ಮಾರುವವರು ಎಎ, ಎಎಎ, ಮಾಸ್ಟರ್ ಗ್ರೇಡ್ ಅಂತ ದರ್ಜೆ ಹೇಳುತ್ತಾರೆ. ಈ ದರ್ಜೆಗೆ ಎಲ್ಲರೂ ಒಪ್ಪಿದ ಅಳತೆಗೋಲು ಇಲ್ಲ. ಅವರವರ ಅಂಗಡಿಗೆ ಅವರವರದ್ದೇ ಲೆಕ್ಕ. ಬಹುತೇಕ ಅದು ನೋಟದ ದರ್ಜೆ. ಗೆರೆಗಳು ಒತ್ತೊತ್ತಾಗಿ ಸಮವಾಗಿದ್ದರೆ, ಬಣ್ಣ ಒಂದೇ ತೆರನಾಗಿದ್ದರೆ ಬೆಲೆ ಏರುತ್ತದೆ. ನಾನು ನೋಡುವುದು ಬೇರೆ. ಮೊದಲು ಹಲಗೆಯ ತುದಿ. ಅಲ್ಲಿ ವರ್ಷದ ಉಂಗುರಗಳು ಹಲಗೆಯ ಮುಖಕ್ಕೆ ನೆಟ್ಟಗೆ ನಿಂತಿರಬೇಕು, ಓರೆಯಾಗಿ ಮಲಗಿರಬಾರದು. ದಿಮ್ಮಿಯ ನಡುವಿನಿಂದ ಹೊರಕ್ಕೆ ಕೊಯ್ದರೆ ಮಾತ್ರ ಹೀಗೆ ಬರುತ್ತದೆ. ಕ್ವಾರ್ಟರ್ ಕೊಯ್ತ ಅನ್ನುವುದು ಇದಕ್ಕೇ. ಹೀಗೆ ಕೊಯ್ದ ಹಲಗೆ ಅಡ್ಡಕ್ಕೂ ಬಿಗಿಯಾಗಿರುತ್ತದೆ, ಹವೆ ಬದಲಾದಾಗ ಹಿಗ್ಗುವುದು ಕುಗ್ಗುವುದೂ ಹೆಚ್ಚುಕಮ್ಮಿ ಅರ್ಧಕ್ಕರ್ಧ ಕಡಿಮೆ.

ಎರಡನೆಯದು ಫೋಟೋದಲ್ಲಿ ಕಾಣುವುದೇ ಇಲ್ಲ. ಗೆರೆ ನೇರವಾಗಿದೆ ಅಂದಮಾತ್ರಕ್ಕೆ ನಾರೂ ನೇರವಾಗಿದೆ ಅಂತಲ್ಲ. ಮರ ಬೆಳೆಯುವಾಗ ಸ್ವಲ್ಪ ತಿರುಚಿಕೊಂಡಿದ್ದರೆ, ನಾರು ಹಲಗೆಯ ಒಂದು ಮುಖದಿಂದ ಹೊರಟು ಇನ್ನೊಂದು ಮುಖದಲ್ಲಿ ಹೊರಬರುತ್ತದೆ. ಇದಕ್ಕೆ ರನ್‌ಔಟ್ ಅನ್ನುತ್ತಾರೆ, ಕ್ರಿಕೆಟ್ಟಿಗೂ ಇದಕ್ಕೂ ಸಂಬಂಧ ಇಲ್ಲ. ಟಾಪ್ ಮಾಡುವುದು ಒಂದೇ ತುಂಡನ್ನು ಮಧ್ಯಕ್ಕೆ ಸೀಳಿ, ಎರಡು ಹೋಳನ್ನೂ ತೆರೆದು, ಅಂಚಿಗೆ ಅಂಚು ಅಂಟಿಸಿ. ರನ್‌ಔಟ್ ಇದ್ದರೆ ಆಗ ಬಣ್ಣ ಬಯಲಾಗುತ್ತದೆ. ಬೆಳಕಿಗೆ ಹಿಡಿದರೆ ಎಡಗಡೆಯ ಅರ್ಧ ಮಂಕು, ಬಲಗಡೆಯ ಅರ್ಧ ಹೊಳಪು. ತಲೆಕೆಳಗಾಗಿ ತಿರುಗಿಸಿದರೆ ಹೊಳಪು ಈ ಕಡೆಗೆ, ಮಂಕು ಆ ಕಡೆಗೆ. ಮೈಸೂರು ಸಿಲ್ಕ್ ಸೀರೆಯ ಮಡಿಕೆಯನ್ನು ಕಿಟಕಿ ಹತ್ತಿರ ಆಡಿಸಿದರೆ ಹೇಗೋ ಹಾಗೆ. ನೋಡಲು ಮಜಾ ಇರುತ್ತದೆ, ಆದರೆ ನಾರು ಕಡಿದ ಹಲಗೆಯ ಬಿಗಿ ಕಡಿಮೆ. ಟಾಪ್ ಮೇಲೆ ತಂತಿಗಳನ್ನು ಹಿಡಿದಿಡುವ ಬ್ರಿಡ್ಜ್ ಹತ್ತಿರ ಸೀಳು ಬಿಡುವುದಕ್ಕೂ ಅದೇ ದಾರಿ. ಅದಕ್ಕೇ ಕಸುಬು ಗೊತ್ತಿರುವವರು ಸ್ಪ್ರೂಸ್ ದಿಮ್ಮಿಯನ್ನು ಮೊದಲು ಗರಗಸಕ್ಕೆ ಕೊಡುವುದಿಲ್ಲ. ಬೆಣೆ ಹೊಡೆದು ಸೀಳುತ್ತಾರೆ. ಸೀಳು ನಾರಿನ ಜೊತೆಗೇ ಓಡುತ್ತದೆ. ಆಮೇಲೆ ಆ ಮುಖಕ್ಕೆ ಸರಿಯಾಗಿ ಗರಗಸ ಇಡುತ್ತಾರೆ.

ಇನ್ನು ತಟ್ಟಿ ನೋಡುವ ಶಾಸ್ತ್ರ. ವಿಡಿಯೋಗಳಲ್ಲಿ ಇದೊಂದು ಮಂತ್ರವಿದ್ಯೆ ಅನ್ನುವ ಹಾಗೆ ತೋರಿಸುತ್ತಾರೆ. ಹಲಗೆಯ ತುದಿಯಿಂದ ಸುಮಾರು ಕಾಲುಭಾಗ ಬಿಟ್ಟು, ಅಂಚಿನ ಹತ್ತಿರ ಎರಡು ಬೆರಳಲ್ಲಿ ಹಗುರವಾಗಿ ಹಿಡಿದು, ನಡುವೆ ಬೆರಳ ಗಿಣ್ಣಿನಿಂದ ತಟ್ಟಬೇಕು. ಅಲ್ಲೇ ಯಾಕೆ ಹಿಡಿಯಬೇಕು ಅಂದರೆ, ಹಲಗೆ ಅಲುಗುವಾಗ ಆ ಜಾಗ ಹೆಚ್ಚುಕಮ್ಮಿ ಸುಮ್ಮನಿರುತ್ತದೆ. ಬೇರೆ ಕಡೆ ಹಿಡಿದರೆ ಕೈಯೇ ದನಿಯನ್ನು ನುಂಗಿಬಿಡುತ್ತದೆ. ಒಳ್ಳೆ ಬೀಟೆ 'ಟಣ್ಣ್' ಅಂತ ಎಳೆದುಕೊಂಡು ಹೋಗುತ್ತದೆ. ಮಹಾಗನಿ 'ಟಪ್' ಅಂದು ಮುಗಿಸುತ್ತದೆ. ಇದರಿಂದ ಮರ ಎಷ್ಟು ಬೇಗ ಸದ್ದು ಕುಡಿಯುತ್ತದೆ ಅಂತ ಗೊತ್ತಾಗುತ್ತದೆ. ಅದಕ್ಕಿಂತ ಹೆಚ್ಚಿಗೆ ಏನೂ ಗೊತ್ತಾಗುವುದಿಲ್ಲ. ದಪ್ಪ ಬದಲಾದರೆ ಸ್ವರವೂ ಬದಲಾಗುತ್ತದೆ, ಹಾಗಾಗಿ ಅಂಗಡಿಯಲ್ಲಿ ನಿಂತು "ಇದು ಜಿ ಸ್ವರ" ಅಂತ ತಲೆದೂಗುವವರನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಟಾಪ್‌ಗೆ ಇಷ್ಟು ಜಾಗ ಕೊಟ್ಟಿದ್ದಕ್ಕೆ ಕಾರಣ ಇದೆ. ಇವತ್ತಿನ ಕ್ಲಾಸಿಕಲ್ ಗಿಟಾರಿನ ರೂಪ ಕಟ್ಟಿಕೊಟ್ಟ ಸ್ಪೇನಿನ ಅಂತೋನಿಯೊ ದೆ ತೋರೆಸ್ 1862ರಲ್ಲಿ ಒಂದು ಗಿಟಾರ್ ಮಾಡಿದರು. ಟಾಪ್ ಸ್ಪ್ರೂಸ್. ಬೆನ್ನು ಮತ್ತು ಪಕ್ಕಗಳಿಗೆ ಮರವೇ ಇಲ್ಲ, ಬರೀ ಕಾಗದದ ರಟ್ಟು. ದನಿ ಹುಟ್ಟುವುದು ಮುಖ್ಯವಾಗಿ ಟಾಪ್‌ನಲ್ಲಿ ಅಂತ ತೋರಿಸುವುದಕ್ಕೆ. ಆ ಗಿಟಾರ್ ಈಗಲೂ ಬಾರ್ಸಿಲೋನಾದ ಸಂಗೀತ ಮ್ಯೂಸಿಯಮ್ಮಿನಲ್ಲಿದೆ. ಹಾಗಿದ್ದೂ ಗಿಟಾರ್ ಜಗತ್ತಿನ ಜಗಳವೆಲ್ಲ ಬೆನ್ನಿನ ಮರದ ಮೇಲೇ.

ಆ ಜಗಳದೊಳಗೆ ನಮ್ಮ ಬೀಟೆ ಬಂದದ್ದೂ ಬದಲಿಯಾಗಿಯೇ. ಮೊದಲು ದೊಡ್ಡ ಹೆಸರು ಬ್ರೆಜಿಲ್‌ನ ರೋಸ್‌ವುಡ್‌ನದ್ದು. ಅದರ ಅಗಲವಾದ ಹಲಗೆ ಸಿಗುವುದು ಕಡಿಮೆಯಾಗುತ್ತಾ ಬಂತು. ಮಾರ್ಟಿನ್‌ನವರು 1965ರಲ್ಲಿ ಡಿ-35 ಅಂತ ಒಂದು ಮಾದರಿ ತಂದರು. ಬೆನ್ನಿಗೆ ಎರಡು ತುಂಡಿನ ಬದಲು ಮೂರು. ಕಿರಿದಾದ ಹಲಗೆಗಳನ್ನೂ ಬಳಸಿಕೊಳ್ಳುವ ಉಪಾಯ ಅದು. ಈಗ ಜನ ಅದನ್ನು ಅಂದಕ್ಕೆ ಮೆಚ್ಚಿ ಕೊಳ್ಳುತ್ತಾರೆ! ಆಮೇಲೆ ಬ್ರೆಜಿಲ್ ದಿಮ್ಮಿಗಳ ರಫ್ತು ನಿಲ್ಲಿಸಿತು. 1969ರಲ್ಲಿ ಮಾರ್ಟಿನ್ ಭಾರತದ ರೋಸ್‌ವುಡ್‌ಗೆ ಬದಲಾಯಿತು. ಅಂದರೆ ಪಶ್ಚಿಮಘಟ್ಟದ ಬೀಟೆಗೆ. ಉಳಿದವರೂ ಅದೇ ದಾರಿ ಹಿಡಿದರು. ಬ್ರೆಜಿಲ್‌ನ ಮರ 1992ರಲ್ಲಿ ಸೈಟಿಸ್ ಒಪ್ಪಂದದ, ಅಂದರೆ ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದದ, ಮೊದಲನೇ ಪಟ್ಟಿಗೆ ಸೇರಿತು. ಅಲ್ಲಿಗೆ ಅದರ ವ್ಯಾಪಾರದ ಬಾಗಿಲು ಹೆಚ್ಚುಕಮ್ಮಿ ಮುಚ್ಚಿದ ಹಾಗೆ.

ಹಾಗಾದರೆ ಬೀಟೆ ಬೆಳೆಯುವ ಊರಿನವನಿಗೆ ಬೀಟೆ ಸುಲಭವಾಗಿ ಸಿಗಬೇಕು, ಅಲ್ವಾ? ಕೊಡಗಿನಲ್ಲಿ ಸೋದರಮಾವನ ಕಾಫಿ ತೋಟದಲ್ಲೇ ಭರ್ಜರಿ ಬೀಟೆ ಮರಗಳಿವೆ. ಕೆಳಗೆ ಕಾಫಿ, ಮೇಲೆ ಅವುಗಳ ನೆರಳು. ಒಂದನ್ನು ಕೇಳೋಣ ಅಂತ ಬಾಯಿ ತೆರೆದಾಗ ಮಾವ ನಕ್ಕರು. "ನೆರಳು ನಮ್ದು ಕಣೋ, ಮರ ಸರ್ಕಾರದ್ದು." ಅದು ತಮಾಷೆಗೆ ಹೇಳಿದ್ದಲ್ಲ. ಕೊಡಗಿನಲ್ಲಿ ರಿಡೀಮ್ಡ್, ಅನ್‌ರಿಡೀಮ್ಡ್ ಅಂತ ಬ್ರಿಟಿಷರ ಕಾಲದಿಂದ ಬಂದ ಲೆಕ್ಕ ಒಂದಿದೆ. ಅನ್‌ರಿಡೀಮ್ಡ್ ಜಮೀನಿನಲ್ಲಿ ಮರದ ಹಕ್ಕು ಸರ್ಕಾರದ್ದು. ಬೆಲೆ ಕಟ್ಟಿ ಬಿಡಿಸಿಕೊಳ್ಳದೆ ಮುಟ್ಟುವ ಹಾಗಿಲ್ಲ. ಬಿಡಿಸಿಕೊಂಡ ಮೇಲೂ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು, ಸಾಗಿಸಲು ಪಾಸ್ ಬೇಕು. ಒಂದು ಗಿಟಾರಿನ ಬೆನ್ನಿಗೋಸ್ಕರ ಯಾರು ಇಷ್ಟು ಓಡಾಡುತ್ತಾರೆ? ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು ಅನ್ನಿ. ತೋಟದ ದೊಡ್ಡ ಮರಗಳು ಇನ್ನೂ ನಿಂತಿರುವುದಕ್ಕೆ ಈ ತಾಪತ್ರಯದ ಪಾಲೂ ಇದೆ.

ಉಳಿದದ್ದು ಸರ್ಕಾರಿ ನಾಟಾ ಡಿಪೋ. ದಾಂಡೇಲಿಯ ಡಿಪೋ ನೋಡಿದವರಿಗೆ ಗೊತ್ತು, ತೇಗ, ಬೀಟೆ, ಮತ್ತಿ ದಿಮ್ಮಿಗಳು ಸಾಲುಸಾಲಾಗಿ ಮಲಗಿರುತ್ತವೆ. ಒಂದೊಂದಕ್ಕೂ ನಂಬರ್, ಉದ್ದ, ಸುತ್ತಳತೆ. ಆದರೆ ಹರಾಜು ಆಗುವುದು ಲಾಟ್ ಲೆಕ್ಕದಲ್ಲಿ. ನನ್ನಂಥವನಿಗೆ ಬೇಕಾದ್ದು ಅದರಲ್ಲಿ ಒಂದು ದಿಮ್ಮಿಯ ಒಂದು ತುಂಡು. ಹಾಗಾಗಿ ಲಾಟ್ ಹಿಡಿದ ಸಾಮಿಲ್‌ನವರ ಹಿಂದೆ ಬೀಳಬೇಕು. ಹಳೆ ಮನೆ ಕೆಡವಿದ ಮರ ಮಾರುವವರ ಹತ್ತಿರವೂ ಹೋಗುತ್ತೇನೆ. ಅಲ್ಲಿ ಸಿಗುವ ಬೀಟೆ ಚೆನ್ನಾಗಿ ಒಣಗಿರುತ್ತದೆ. ಆದರೆ ಬಾಗಿಲ ಚೌಕಟ್ಟು, ತೊಲೆ ಯಾವುದೂ 20 ಸೆಂಟಿಮೀಟರ್ ಅಗಲದ ನೇರ ಹಲಗೆ ಕೊಡುವುದಿಲ್ಲ. ಒಳಗೆ ಎಲ್ಲಿ ಮೊಳೆ ಕೂತಿದೆಯೋ ದೇವರೇ ಬಲ್ಲ. ಮೂರು ತುಂಡಿನ ಬೆನ್ನು ಅಲ್ಲಿ ನನ್ನ ಕೈ ಹಿಡಿಯುತ್ತದೆ.

ಸಾಮಿಲ್‌ನಲ್ಲಿ ಆಗುವ ಮಾತುಕತೆ ಪ್ರತಿ ಸಲವೂ ಹೆಚ್ಚುಕಮ್ಮಿ ಒಂದೇ. ದಿಮ್ಮಿಯ ತುದಿಗೆ ನೀರು ಚಿಮುಕಿಸಿ, ಬಟ್ಟೆಯಲ್ಲಿ ಒರೆಸಿ ನೋಡುತ್ತೇವೆ. ಒದ್ದೆಯಾದ ಕೂಡಲೇ ಕಪ್ಪು ಗೆರೆಗಳು ಎದ್ದು ಕಾಣುತ್ತವೆ. ಮಧ್ಯದ ತಿರುಳಿನ ಹತ್ತಿರ ಬಿರುಕು ಇರುತ್ತದೆ, ಅದು ಬಿಡಬೇಕು. ಹೊರಗಿನ ಬಿಳಿ ಭಾಗಕ್ಕೆ ಹುಳ ಬೀಳುತ್ತದೆ, ಅದೂ ಬಿಡಬೇಕು. ಎರಡರ ನಡುವೆ ಒಂದು ಗೇಣು ಶುದ್ಧ ಚೇಗು ಉಳಿದರೆ ನನ್ನ ಕೆಲಸ ಆಯಿತು. ಸೀಮೆಸುಣ್ಣದಲ್ಲಿ ಗೆರೆ ಎಳೆದು ತೋರಿಸುತ್ತೇನೆ.

"ಹಿಂಗೆ ಕೊಯ್ದ್ರೆ ಹೂವು ಬರಲ್ಲ ಸಾರ್," ಅಂತಾರೆ ಆಚಾರ್ರು. "ಮಲಗ್ಸಿ ಕೊಯ್ತೀನಿ, ಏನ್ ಡಿಸೈನ್ ಬರುತ್ತೆ ನೋಡಿ."

"ಡಿಸೈನ್ ಬೇಡ ಆಚಾರ್ರೇ. ನೆಟ್ಟಗೆ ಗೆರೆ ಬೇಕು."

"ವೇಸ್ಟ್ ಜಾಸ್ತಿ ಆಗುತ್ತೆ. ಆಮೇಲೆ ನನ್ ಮೇಲೆ ಹೇಳ್ಬೇಡಿ."

ಅವರು ಹೇಳುವುದು ಸರಿಯೇ. ಮಂಚಕ್ಕೋ ಬಾಗಿಲಿಗೋ ಆದರೆ ಅವರ ಕೊಯ್ತವೇ ಚೆಂದ, ಮರವೂ ಉಳಿಯುತ್ತದೆ. ನಾನು ಕೇಳುವ ರೀತಿಯಲ್ಲಿ ಪ್ರತಿ ಹಲಗೆಗೂ ದಿಮ್ಮಿಯನ್ನು ತಿರುಗಿಸಿ ಕೂರಿಸಬೇಕು. ಬ್ಯಾಂಡ್‌ಸಾ ಚಾಲೂ ಆದರೆ ಮೊದಲು ಬರುವುದು ವಾಸನೆ, ಸಿಹಿಯಾದ, ಸ್ವಲ್ಪ ಗುಲಾಬಿಯ ಹಾಗಿನ ಘಮ. ಆಗಷ್ಟೇ ಕೊಯ್ದ ಮುಖ ನೇರಳೆ ಬಣ್ಣಕ್ಕಿರುತ್ತದೆ. ಗಾಳಿ ಬೆಳಕು ತಾಗಿ ಆಮೇಲೆ ಕಂದಾಗುತ್ತದೆ. ಹೊಟ್ಟು ಮೈಗೆ ಹತ್ತಿದರೆ ಕೆಲವರಿಗೆ ತುರಿಕೆ ಏಳುತ್ತದೆ, ಮಾಸ್ಕ್ ಇಲ್ಲದೆ ನಿಲ್ಲಲೇಬಾರದು. ಆಚಾರ್ರು ಮಾತ್ರ ಟವೆಲ್ ಕೂಡ ಕಟ್ಟಿಕೊಳ್ಳುವುದಿಲ್ಲ. ಹೇಳಿದರೆ ಕೇಳುವುದೂ ಇಲ್ಲ.

ಮನೆಗೆ ತಂದ ಮೇಲೆ ಅಸಲಿ ಕೆಲಸ, ಕಾಯುವುದು. ಹಲಗೆಯ ಎರಡೂ ತುದಿಗೆ ಮೇಣವೋ ಪೇಂಟೋ ಬಳಿಯುತ್ತೇನೆ. ನೀರು ತುದಿಯಿಂದ ಬೇಗ ಹೋಗುತ್ತದೆ, ಬೇಗ ಹೋದರೆ ಅಲ್ಲಿ ಸೀಳು ಬಿಡುತ್ತದೆ. ಹಲಗೆಗಳ ನಡುವೆ ರೀಪು ಇಟ್ಟು, ಗಾಳಿಯಾಡುವ ಹಾಗೆ ಜೋಡಿಸಿ, ಮೇಲೆ ಭಾರ ಹೇರುತ್ತೇನೆ. ಪ್ರತಿ ಹಲಗೆಯ ಮೇಲೂ ಪೆನ್ಸಿಲಿನಲ್ಲಿ ತಾರೀಕು ಮತ್ತು ತೂಕ ಬರೆದಿರುತ್ತದೆ. ಅಡುಗೆಮನೆಯ ತಕ್ಕಡಿಯೇ ಸಾಕು. ಆಗಾಗ ತೂಗಿ ಅದರ ಕೆಳಗೆ ಹೊಸ ತೂಕ ಬರೆಯುವುದು. ಅಂಕಿ ಇಳಿಯುತ್ತಾ ಇಳಿಯುತ್ತಾ ಒಂದು ಕಡೆ ನಿಂತುಬಿಡುತ್ತದೆ. ಮಳೆಗಾಲದಲ್ಲಿ ಮತ್ತೆ ಕೆಲವು ಗ್ರಾಂ ಏರುತ್ತದೆ. ಬೇಸಿಗೆಯಲ್ಲಿ ಇಳಿಯುತ್ತದೆ. ಹಲಗೆ ಉಸಿರಾಡುವುದನ್ನು ಅಂಕಿಯಲ್ಲಿ ಓದಬಹುದು.

ಈ ಏರಿಳಿತವೇ ಗಿಟಾರಿಗೆ ಶತ್ರು. ಜುಲೈನಲ್ಲಿ ಮಡಿಕೇರಿಯ ಹವೆಯಲ್ಲಿ ಅಂಟಿಸಿದ ಟಾಪ್ ಮಾರ್ಚ್‌ನಲ್ಲಿ ಬೆಂಗಳೂರಿಗೆ ಬಂದರೆ ಕುಗ್ಗಲು ಜಾಗವಿಲ್ಲದೆ ಸೀಳುತ್ತದೆ. ಅದಕ್ಕೇ ಗಿಟಾರ್ ಮಾಡುವವರೆಲ್ಲ ಗಾಳಿಯ ತೇವಾಂಶ 45 ಶೇಕಡಾ ಸುತ್ತಮುತ್ತ ಇರುವ ಕೋಣೆಯಲ್ಲೇ ಅಂಟಿನ ಕೆಲಸ ಮಾಡುತ್ತಾರೆ. ನನ್ನ ಇಡೀ ಕಾರ್ಯಾಗಾರದಲ್ಲಿ ಅತಿ ಮುಖ್ಯವಾದ ಉಪಕರಣ ಉಳಿಯೂ ಅಲ್ಲ, ಹತ್ತರಿಯೂ ಅಲ್ಲ. ಮೂಲೆಯಲ್ಲಿ ಗುರುಗುಟ್ಟುತ್ತಾ ಗಾಳಿಯ ತೇವ ಹೀರುವ ಡಿಹ್ಯೂಮಿಡಿಫೈಯರ್. ನೋಡಲು ಬಂದವರಿಗೆ ಇದನ್ನು ತೋರಿಸಿದರೆ ಪಾಪ, ನಿರಾಸೆಯಾಗುತ್ತದೆ.

ಇನ್ನು ಕಾಗದಪತ್ರ. ಬೀಟೆ ಸೇರಿದಂತೆ ಡಾಲ್ಬರ್ಜಿಯಾ ಕುಲದ ಮರಗಳೆಲ್ಲ 2017ರ ಜನವರಿಯಿಂದ ಸೈಟಿಸ್ ಪಟ್ಟಿಗೆ ಸೇರಿದವು. ಬ್ರೆಜಿಲ್‌ನದು ಮೊದಲೇ ಮೊದಲನೇ ಪಟ್ಟಿಯಲ್ಲಿತ್ತು, ಉಳಿದವು ಎರಡನೆಯದಕ್ಕೆ. ಒಂದು ಗಿಟಾರನ್ನು ಹೊರದೇಶಕ್ಕೆ ಮಾರಬೇಕಾದರೂ ಪರವಾನಗಿ ಬೇಕು ಅಂತಾಯಿತು. ಗಿಟಾರಿನವರು ಗಲಾಟೆ ಮಾಡಿದರು. ಗಿಟಾರಿಗೆ ಹೋಗುವ ಬೀಟೆ ಅಷ್ಟಿಷ್ಟು, ಚೀನಾದ ಪೀಠೋಪಕರಣಕ್ಕೆ ಹೋಗುವ ರೋಸ್‌ವುಡ್ ರಾಶಿರಾಶಿ ಅನ್ನುವುದು ಅವರ ವಾದ. 2019ರ ನವೆಂಬರಿನಿಂದ ಎರಡನೇ ಪಟ್ಟಿಯ ಮರದ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಬರೀ ಹಲಗೆಗೆ ಸಿಗಲಿಲ್ಲ.

ಅದಕ್ಕೂ ಮುಂಚೆ ಒಂದು ದೊಡ್ಡ ರಂಪವೇ ಆಗಿತ್ತು. ಕಳ್ಳಮರ ತಡೆಯಲೆಂದು ಅಮೆರಿಕ 2008ರಲ್ಲಿ ತನ್ನ ಲೇಸಿ ಕಾಯ್ದೆಗೆ ತಿದ್ದುಪಡಿ ತಂದಿತು. ಮರ ಯಾವ ದೇಶದ್ದೋ ಆ ದೇಶದ ಕಾನೂನು ಮುರಿದು ತಂದಿದ್ದರೆ ಅಮೆರಿಕದಲ್ಲೂ ಅದು ಅಪರಾಧ. 2011ರ ಆಗಸ್ಟ್‌ನಲ್ಲಿ ಅಲ್ಲಿನ ಗಿಬ್ಸನ್ ಗಿಟಾರ್ ಕಂಪನಿಯ ಮೇಲೆ ದಾಳಿ ಆಯಿತು. ವಶಕ್ಕೆ ತೆಗೆದುಕೊಂಡದ್ದು ಭಾರತದಿಂದ ಹೋದ ಬೀಟೆ ಮತ್ತು ಕರಿಮರದ ಪಟ್ಟಿಗಳು. ತಕರಾರು ದಪ್ಪದ್ದು. 6 ಮಿಲಿಮೀಟರಿಗಿಂತ ದಪ್ಪದ ಕೊಯ್ದ ಹಲಗೆಯನ್ನು ಭಾರತದಿಂದ ರಫ್ತು ಮಾಡುವ ಹಾಗಿಲ್ಲ, ಇವು ಅದಕ್ಕಿಂತ ದಪ್ಪ ಇವೆ ಅಂತ. ವಾದ್ಯದ ಸಿದ್ಧ ಬಿಡಿಭಾಗ ಅಂದರೆ ಕಾನೂನುಬದ್ಧ, ಬರೀ ಹಲಗೆ ಅಂದರೆ ಅಪರಾಧ! 2012ರಲ್ಲಿ ರಾಜಿಯಾಯಿತು. ಮಡಗಾಸ್ಕರ್‌ನ ಕರಿಮರದ ಇನ್ನೊಂದು ಪ್ರಕರಣವೂ ಅದರಲ್ಲಿ ಸೇರಿತ್ತು. ಕಂಪನಿ 3 ಲಕ್ಷ ಡಾಲರ್ ದಂಡ ಕಟ್ಟಿತು, ಭಾರತದ ಮರ ವಾಪಸ್ ಸಿಕ್ಕಿತು. ಹಾಗೆ ವಾಪಸ್ ಬಂದ ಮರದಿಂದ ಗಿಟಾರ್ ಮಾಡಿ 'ಗವರ್ನಮೆಂಟ್ ಸೀರೀಸ್' ಅಂತ ಹೆಸರಿಟ್ಟು ಮಾರಿದರು ನೋಡಿ, ಅದು ಅಪ್ಪಟ ಅಮೆರಿಕನ್ ವ್ಯಾಪಾರ.

ಇಷ್ಟೆಲ್ಲ ಒದ್ದಾಟದ ಮರ ದನಿಗೆ ಎಷ್ಟು ಕೊಡುತ್ತದೆ? ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು ಇದನ್ನೇ ಪರೀಕ್ಷೆ ಮಾಡಿ 2018ರಲ್ಲಿ ಪ್ರಕಟಿಸಿದರು. ಒಂದೇ ಅಳತೆ, ಒಂದೇ ವಿನ್ಯಾಸದ ಆರು ಗಿಟಾರ್. ಬೆನ್ನು ಮತ್ತು ಪಕ್ಕಗಳ ಮರ ಮಾತ್ರ ಬೇರೆ ಬೇರೆ. ಬ್ರೆಜಿಲ್ ರೋಸ್‌ವುಡ್, ನಮ್ಮ ಬೀಟೆ, ಮಹಾಗನಿ, ಮೇಪಲ್, ಸಪೇಲಿ, ವಾಲ್‌ನಟ್. ಯಾವ ಮರ ಅಂತ ಕಾಣದ ಹಾಗೆ ಮಾಡಿ 52 ಮಂದಿ ಗಿಟಾರಿಸ್ಟರಿಗೆ ನುಡಿಸಲು ಕೊಟ್ಟರು. ಆರಕ್ಕೂ ಬಂದ ಅಂಕ ಹೆಚ್ಚುಕಮ್ಮಿ ಒಂದೇ. ಅಗ್ಗದ ಮರಕ್ಕೂ ಕೈಗೆಟುಕದ ಮರಕ್ಕೂ ಜನ ಕಂಡ ವ್ಯತ್ಯಾಸ ಅಷ್ಟಕ್ಕಷ್ಟೆ.

ಇದನ್ನು ಓದಿದ ಮೇಲೂ ನಾನು ಬೀಟೆ ಬಿಟ್ಟಿಲ್ಲ. ಬಿಸಿ ಕೊಳವೆಯ ಮೇಲೆ ಅದು ಸಲೀಸಾಗಿ ಬಾಗುತ್ತದೆ. ಒಣಗಿದ ಮೇಲೆ ಆಕಾರ ಬಿಡುವುದಿಲ್ಲ. ಕ್ವಾರ್ಟರ್ ಕೊಯ್ದ ಬೀಟೆ ಹವೆಗೆ ಅಷ್ಟಾಗಿ ಕುಣಿಯುವುದೂ ಇಲ್ಲ. ಬೀಟೆಯ ಪರವಾಗಿ ವಾದ ಮಾಡುವವರು ಈ ಗುಣಗಳ ಬಗ್ಗೆ ಮಾತಾಡಬೇಕಿತ್ತು ಅಂತ ನನಗನ್ನಿಸುತ್ತದೆ. ದನಿಯ ಬಗ್ಗೆಯೇ ಕವಿತೆ ಬರೆಯುತ್ತಾ ಕೂತರು.

ಅಷ್ಟು ಗುಣ ಬೇರೆ ಮರದಲ್ಲಿ ಸಿಕ್ಕರೆ ಅದೂ ಆಗಬಹುದು. ವೀಣೆಗೆ, ಮೃದಂಗಕ್ಕೆ ಹಲಸು ಇದೆ. ಹಲಸಿನ ಬೆನ್ನಿನ ಗಿಟಾರ್ ಚೆನ್ನಾಗಿ ಬರುತ್ತದೆ, ಹಳದಿ ಬಣ್ಣ ಕ್ರಮೇಣ ಜೇನುಬಣ್ಣಕ್ಕೆ ತಿರುಗುತ್ತದೆ. ನಾರು ಅಡ್ಡಾದಿಡ್ಡಿ ಇರುವುದರಿಂದ ಹತ್ತರಿ ಹೊಡೆಯುವಾಗ ಕಿತ್ತು ಬರುತ್ತದೆ, ಅಷ್ಟೇ ತೊಂದರೆ. ರೈತರು ಈಗ ಸಾಲುಸಾಲಾಗಿ ಮಹಾಗನಿ ನೆಡುತ್ತಿದ್ದಾರೆ. ಕೋಟಿ ಬರುತ್ತದೆ ಅಂತ ಸಸಿ ಮಾರುವವರು ಹೇಳುವುದು ಎಷ್ಟು ನಿಜವೋ ಕಾಣೆ. ಗಿಟಾರಿಗೆ ಬೇಕಾದ ಅಗಲ ಆ ಎಳೆ ಮರಗಳಿಗೆ ಬರಲು ಇನ್ನೂ ಬಹಳ ಮಳೆಗಾಲ ಬೇಕು.

ಸದ್ಯ ನನಗೆ ಆಸೆ ಇರುವುದು ಸಿಲ್ವರ್ ಓಕ್ ಮೇಲೆ. ತೋಟದಲ್ಲಿ ಮೆಣಸಿನ ಬಳ್ಳಿ ಹಬ್ಬಿಸಲು ಹಾಕಿ, ಬೆಳೆದ ಮೇಲೆ ಪ್ಲೈವುಡ್ಡಿಗೆ ಮಾರುವ ಅದೇ ಮರ. ಆಸ್ಟ್ರೇಲಿಯಾದಿಂದ ಬಂದದ್ದು. ಅಲ್ಲಿನ ಗಿಟಾರ್ ಮಾಡುವವರು ಇದನ್ನು ಬಳಸುತ್ತಾರೆ. ಕ್ವಾರ್ಟರ್ ಕೊಯ್ದರೆ ಹಲಗೆ ತುಂಬ ಮಿರುಗುವ ಚುಕ್ಕೆಗಳು. ನಮ್ಮ ಮಿಲ್‌ಗಳಲ್ಲಿ ಹಾಗೆ ಯಾರೂ ಕೊಯ್ಯುವುದಿಲ್ಲವಾದ್ದರಿಂದ ಅದು ಯಾರ ಕಣ್ಣಿಗೂ ಬಿದ್ದಿಲ್ಲ. ಆಚಾರ್ರಿಗೆ ಮೊದಲ ಹಲಗೆ ತೋರಿಸಿದಾಗ ಉಗುರಲ್ಲಿ ಕೆರೆದು, "ಪೇಂಟ್ ಹೊಡ್ದಿದೀರಾ?" ಅಂದರು. ಆ ಚುಕ್ಕೆಗಳು ಹತ್ತರಿಗೆ ಸಿಕ್ಕರೆ ಚಕ್ಕೆಯಾಗಿ ಏಳುತ್ತವೆ, ಹಾಗಾಗಿ ಸ್ಕ್ರೇಪರಿನಲ್ಲಿ ನಿಧಾನಕ್ಕೆ ಕೆರೆಯಬೇಕು. ಬೀಟೆಗಿಂತ ಹಗುರ, ತಟ್ಟಿದರೆ ಅಷ್ಟೊಂದು ಎಳೆಯುವುದಿಲ್ಲ. ಪಕ್ಕಗಳನ್ನು ಇನ್ನೂ ಬಾಗಿಸಿಲ್ಲ. ಪೆನ್ಸಿಲ್ ತೂಕ ಇನ್ನೂ ಇಳಿಯುತ್ತಲೇ ಇದೆ. ಮಾವನಿಗೆ ವಿಷಯ ತಿಳಿದ ಮೇಲೆ ಎರಡು ಮರ ಗುರುತು ಹಾಕಿ ಇಟ್ಟಿದ್ದಾರೆ. ಪ್ಲೈವುಡ್‌ನವರು ಕೊಡುವ ರೇಟೇ ಕೊಡಬೇಕಂತೆ.